ಗೂಟದಿಂದ ಜಿಪ್ಸಮ್ ಬೋರ್ಡಿನವರೆಗೆ: ಗೋಡೆ ಹೊತ್ತ ಭಾರದ ಕಥೆ

ಕಡಲೆಕಾಯಿ ಬೆಳೆಯುವವರಿಗೆ ಜಿಪ್ಸಮ್ ಹೊಸದಲ್ಲ. ಗಿಡ ಹೂವು ಬಿಡುವ ಹೊತ್ತಿಗೆ ಸಾಲಿಗೆ ಹಾಕಿದರೆ ಕಾಯಿ ಗಟ್ಟಿಯಾಗುತ್ತದೆ. ಚೌಳು ನೆಲ ಸರಿಮಾಡಲಿಕ್ಕೂ ಅದನ್ನೇ ಹಾಕುತ್ತೇವೆ. ಅದೇ ಜಿಪ್ಸಮ್ ಬೆಂಗಳೂರಿನ ಚಂದ್ರಾ ಲೇಔಟ್, ವಿಜಯನಗರ, ಅತ್ತಿಗುಪ್ಪೆ ಕಡೆ ಗೋಡೆಯಾಗಿ ನಿಂತಿದೆ. ಮನೆಯ ಹೊರಗೋಡೆ ಇಟ್ಟಿಗೆಯದೋ ಸಿಮೆಂಟ್ ಬ್ಲಾಕಿನದೋ ಇರುತ್ತದೆ. ಆದರೆ ಆಫೀಸು, ಕೋಚಿಂಗ್ ಸೆಂಟರ್, ಪಿಜಿ ರೂಮುಗಳಲ್ಲಿ ಒಂದನ್ನು ಎರಡು ಮಾಡಲು ನಡುವೆ ಎಬ್ಬಿಸುವ ಗೋಡೆ ಹಲವು ಕಡೆ ಜಿಪ್ಸಮ್ ಬೋರ್ಡಿನದು. ನಮ್ಮ ಊರುಗಳ ಮಕ್ಕಳು ಇಂಥ ರೂಮುಗಳಲ್ಲಿ ಬಾಡಿಗೆಗೆ ಇದ್ದಾರೆ. ಇನ್ನು ಕೆಲವರು ಆ ಬೋರ್ಡು ಹೊಡೆಯುವ ಕೆಲಸಕ್ಕೇ ಹೋಗಿದ್ದಾರೆ. ಈಗ ಊರಲ್ಲಿ ಕಟ್ಟುವ ಮನೆಗಳಿಗೂ ಬೋರ್ಡಿನ ಸೀಲಿಂಗ್ ಬಂದಿದೆ. ಹಾಗಾಗಿ ಇದರ ಕಥೆ ನಮಗೂ ಗೊತ್ತಿರಬೇಕು.

ನಮ್ಮ ಹಿರಿಯರ ಮಣ್ಣಿನ ಮನೆ ನೆನಪು ಮಾಡಿಕೊಳ್ಳಿ. ಗೋಡೆ ಎಬ್ಬಿಸುವಾಗಲೇ ಮರದ ಗೂಟ ಇಟ್ಟು ಕಟ್ಟುತ್ತಿದ್ದರು. ದೀಪಕ್ಕೆ ಗೂಡು ಬಿಡುತ್ತಿದ್ದರು. ಬೆಕ್ಕಿಗೆ ಸಿಗದಂತೆ ಹಾಲು ಮೊಸರು ಇಡುವ ನೆಲುವನ್ನು ಗೋಡೆಗಲ್ಲ, ತೊಲೆಗೆ ಕಟ್ಟುತ್ತಿದ್ದರು. ಎಲ್ಲಿ ಏನು ತೂಗಬೇಕು ಅನ್ನುವುದು ಮನೆ ಕಟ್ಟುವ ಮೊದಲೇ ತೀರ್ಮಾನವಾಗುತ್ತಿತ್ತು. ಭಾರ ಹೊರುವುದು ಮರ, ಮರವನ್ನು ಹಿಡಿದುಕೊಳ್ಳುವುದು ಗೋಡೆ. ಆಮೇಲೆ ಬಂದು ಗೋಡೆಗೆ ಮೊಳೆ ಹೊಡೆದರೆ ಮಣ್ಣು ಉದುರುತ್ತಿತ್ತೇ ಹೊರತು ಮೊಳೆ ನಿಲ್ಲುತ್ತಿರಲಿಲ್ಲ.

ಈ ಲೆಕ್ಕ ಬದಲಾಗಿದ್ದು ಕರೆಂಟು ಬಂದಮೇಲೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬಂತು. ಮುಂದೆ ಮನೆಗಳಿಗೆ ದೀಪ ಬಂದಾಗ ಕಟ್ಟಿ ಮುಗಿದಿದ್ದ ಗೋಡೆಯ ಮೇಲೆ ವೈರು, ಸ್ವಿಚ್ಚು, ಬೋರ್ಡು ಕೂರಿಸಬೇಕಾಯಿತು. ಉಳಿಯಿಂದ ಗೋಡೆ ಕೊರೆದು, ಮರದ ತುಂಡು ಬಡಿದು, ಸುತ್ತ ಗಾರೆ ಮೆತ್ತಿ, ಅದು ಒಣಗಿದ ಮೇಲೆ ಸ್ಕ್ರೂ ತಿರುಗಿಸುವುದು ಆಗಿನ ಪದ್ಧತಿ. ಕಾಲ ಕಳೆದಂತೆ ಮರ ಒಣಗಿ ಕುಗ್ಗುತ್ತಿತ್ತು. ಬೋರ್ಡು ಜೋತುಬೀಳುತ್ತಿತ್ತು. ಹಳೇ ಮನೆಯಲ್ಲಿ ಬೆಳೆದವರು ಅಂಥ ಅಲ್ಲಾಡುವ ಸ್ವಿಚ್ ಬೋರ್ಡು ನೋಡಿಯೇ ಇರುತ್ತಾರೆ.

ಇದೇ ತೊಂದರೆ ಲಂಡನ್ನಿನಲ್ಲೂ ಇತ್ತು. ಅಲ್ಲಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆ ಹಾಳಾಗದಂತೆ ವಿದ್ಯುತ್ ಸಾಮಾನು ಕೂರಿಸುವ ಕೆಲಸ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರರಿಗೆ ಸಿಕ್ಕಿತು. ಅವರು 1911ರ ಸುಮಾರಿಗೆ ಒಂದು ಉಪಾಯ ಹುಡುಕಿದರು. ಸಣ್ಣ ತೂತಿಗೆ ಸೆಣಬಿನ ನಾರಿನ ಕೊಳವೆ ತೂರಿಸಿ, ಅದರೊಳಗೆ ಸ್ಕ್ರೂ ತಿರುಗಿಸುವುದು. ಸ್ಕ್ರೂ ಒಳಗೆ ಹೋದಂತೆ ನಾರು ಉಬ್ಬಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಅದೇ ರಾಲ್‌ಪ್ಲಗ್. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಇವತ್ತಿಗೂ ‘ರಾವಲ್ ಪ್ಲಗ್ ಕೊಡಿ’ ಅನ್ನುತ್ತೇವಲ್ಲ, ಆ ಹೆಸರು ರಾಲಿಂಗ್ಸ್ ಅವರಿಂದ ಬಂದದ್ದು.

ಸೆಣಬಿನ ಜಾಗಕ್ಕೆ ನೈಲಾನ್ ತಂದವರು ಜರ್ಮನಿಯ ಆರ್ಥರ್ ಫಿಷರ್, 1958ರಲ್ಲಿ. ಹಳ್ಳಿಯ ದರ್ಜಿಯೊಬ್ಬರ ಮಗ, ಬೀಗ ಮಾಡುವ ಕೆಲಸ ಕಲಿತವರು. ಅವರ ಪ್ಲಗ್ಗಿನ ಬಾಯಿ ಸೀಳಿರುತ್ತದೆ, ಮೈಮೇಲೆ ಹಲ್ಲುಗಳಿರುತ್ತವೆ. ಸ್ಕ್ರೂ ಹೋದಂತೆ ಅದು ಅಗಲವಾಗಿ ಇಟ್ಟಿಗೆಯನ್ನು ಕಚ್ಚಿಕೊಳ್ಳುತ್ತದೆ. ಡ್ರಿಲ್ ಮಷೀನು ಕೈಗೆ ಬಂದಮೇಲೆ ಗೂಟದ ಕಾಲ ಪೂರ್ತಿ ಮುಗಿಯಿತು. ಮೊದಲು ಮನೆ ಕಟ್ಟು, ಎಲ್ಲಿ ಏನು ತೂಗುವುದು ಅಂತ ಆಮೇಲೆ ನೋಡೋಣ ಅನ್ನುವ ಧೈರ್ಯ ಬಂತು.

ಜಿಪ್ಸಮ್ ಬೋರ್ಡು ಈ ಧೈರ್ಯವನ್ನು ಮತ್ತೆ ಕಿತ್ತುಕೊಂಡಿತು.

ಬೋರ್ಡಿನ ಕಥೆ ಅಮೆರಿಕದ್ದು. ಅಗಸ್ಟಿನ್ ಸ್ಯಾಕೆಟ್ ಎಂಬುವರು 1894ರಲ್ಲಿ ಕಾಗದದ ಪದರಗಳ ನಡುವೆ ಗಾರೆ ಸೇರಿಸಿದ ಹಲಗೆಗೆ ಪೇಟೆಂಟ್ ಪಡೆದರು. ಜಿಪ್ಸಮ್ ಕಲ್ಲನ್ನು ಸುಟ್ಟು ಪುಡಿ ಮಾಡಿ, ನೀರು ಕಲಸಿ, ಎರಡು ದಪ್ಪ ಕಾಗದಗಳ ನಡುವೆ ಹರಡಿ ಒಣಗಿಸಿದರೆ ಈಗಿನ ಬೋರ್ಡು. ಗಾರೆ ಒಣಗಲು ವಾರಗಟ್ಟಲೆ ಕಾಯಬೇಕಿಲ್ಲ. ಜಿಪ್ಸಮ್ಮಿನೊಳಗೇ ನೀರಿನ ಅಂಶ ಇರುವುದರಿಂದ ಬೆಂಕಿಯನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ. ಹಗುರ, ಬೇಗ ಆಗುವ ಕೆಲಸ, ಬೇಡವಾದಾಗ ಬಿಚ್ಚಬಹುದು. ಬಾಡಿಗೆ ಕಟ್ಟಡಕ್ಕೆ ಇದಕ್ಕಿಂತ ಅನುಕೂಲ ಇನ್ನೇನು?

ಆದರೆ ಬೋರ್ಡಿನ ದಪ್ಪ ಸಾಮಾನ್ಯವಾಗಿ 12.5 ಮಿಲಿಮೀಟರ್, ಅಂದರೆ ಅರ್ಧ ಇಂಚು. ಅದರ ಹಿಂದೆ ಖಾಲಿ. ಸುಮಾರು ಎರಡು ಅಡಿಗೊಂದರಂತೆ ತಗಡಿನ ಕಂಬಗಳು ನಿಂತಿರುತ್ತವೆ, ಅಷ್ಟೇ. ರಾವಲ್ ಪ್ಲಗ್ ಉಬ್ಬಿ ಒತ್ತಿಹಿಡಿಯಲು ಸುತ್ತ ಗಟ್ಟಿ ಗೋಡೆ ಬೇಕು. ಇಲ್ಲಿ ಒತ್ತಿದರೆ ಜಿಪ್ಸಮ್ ಪುಡಿಯಾಗುತ್ತದೆ. ಇವತ್ತು ಬಿಗಿಯಾಗಿ ಕಂಡದ್ದು ನಾಳೆ ಕೈಗೆ ಬರುತ್ತದೆ. ಹಾಗಾಗಿ ಬೋರ್ಡಿಗೆಂದು ಬೇರೆಯೇ ಸಾಮಾನು ಬಂತು. ಅವುಗಳ ಗುಟ್ಟು ಒಂದೇ: ತೂತಿನೊಳಗೆ ಒತ್ತುವುದಲ್ಲ, ಬೋರ್ಡಿನ ಬೆನ್ನನ್ನು ಹಿಡಿಯುವುದು.

ಗೋಡೆ ಯಾವುದು ಅಂತ ತಿಳಿಯಲು ಬೆರಳಿನಿಂದ ತಟ್ಟಿ ನೋಡಿ. ಡಬ್ಬಿಯಂತೆ ಟೊಳ್ಳು ಶಬ್ದ ಬಂದರೆ ಬೋರ್ಡು. ಶಬ್ದ ಗಟ್ಟಿಯಾಗುವ ಜಾಗದಲ್ಲಿ ಕಂಬ ಇರಬಹುದು. ಒಂದು ಸಣ್ಣ ಅಯಸ್ಕಾಂತ ಸರಿಸುತ್ತಾ ಹೋದರೆ ಕಂಬಕ್ಕೆ ಹೊಡೆದ ಸ್ಕ್ರೂ ಇರುವ ಕಡೆ ಅಂಟಿಕೊಳ್ಳುತ್ತದೆ.

ಕ್ಯಾಲೆಂಡರು, ಸಣ್ಣ ದೇವರ ಫೋಟೋಕ್ಕೆ ಸುರುಳಿ ಹಲ್ಲಿನ ಪ್ಲಗ್ ಸಾಕು. ಅದನ್ನು ಸ್ಕ್ರೂಡ್ರೈವರಿನಲ್ಲೇ ಬೋರ್ಡಿಗೆ ತಿರುಗಿಸಬಹುದು. ಕನ್ನಡಿ, ಗೋಡೆ ಗಡಿಯಾರದಂಥ ಸ್ವಲ್ಪ ಭಾರದ್ದಕ್ಕೆ ಹಿಂದೆ ರೆಕ್ಕೆ ಬಿಚ್ಚುವ ಬೋಲ್ಟು ಸರಿ. ಇದರ ರೆಕ್ಕೆ ಮಡಿಸಿ ತೂತಿನಲ್ಲಿ ತೂರಿಸಿದರೆ ಒಳಗೆ ಬಿಚ್ಚಿಕೊಂಡು ಬೋರ್ಡಿನ ಬೆನ್ನಿಗೆ ಅಡ್ಡ ನಿಲ್ಲುತ್ತದೆ. ಟಿವಿ, ಪುಸ್ತಕದ ಶೆಲ್ಫು, ಅಡುಗೆಮನೆಯ ಕಪಾಟಿಗೆ ಇವು ಯಾವುವನ್ನೂ ನಂಬಬೇಡಿ. ಅದಕ್ಕೆ ಕಂಬವೋ, ಒಳಗೆ ಕೂರಿಸಿದ ಪ್ಲೈವುಡ್ಡೋ ಬೇಕು.

ಶೆಲ್ಫು ಯಾಕೆ ಹೆಚ್ಚು ಅಪಾಯ? ಫೋಟೋ ಗೋಡೆಗೆ ಅಂಟಿಕೊಂಡು ಕೆಳಕ್ಕೆ ಎಳೆಯುತ್ತದೆ. ಒಂದು ಅಡಿ ಮುಂದಕ್ಕೆ ಚಾಚಿದ ಶೆಲ್ಫು ಹಾರೆಯಿಂದ ಕಲ್ಲು ಮೀಟಿದಂತೆ ಮೇಲಿನ ಸ್ಕ್ರೂವನ್ನು ಹೊರಕ್ಕೆ ಮೀಟುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದ ಕಿಲೋ ಲೆಕ್ಕ ಹೊಸ, ಒಣ ಬೋರ್ಡಿಗೆ ಬಂದದ್ದು. ಅದರಲ್ಲಿ ಕಾಲು ಭಾಗ ಮಾತ್ರ ನಂಬಿ ನಡೆದರೆ ಕ್ಷೇಮ. ಡ್ರಿಲ್ ಮಾಡುವಾಗ ಹ್ಯಾಮರ್ ಬಂದ್ ಮಾಡಿ, ಇಲ್ಲದಿದ್ದರೆ ತೂತು ಒಡೆದು ದೊಡ್ಡದಾಗುತ್ತದೆ. ಸ್ವಿಚ್ಚಿನ ನೇರಕ್ಕೆ ಮೇಲೆ ಕೆಳಗೆ ಕೊರೆಯಬೇಡಿ, ಅಲ್ಲಿ ವೈರು ಹಾದಿರುತ್ತದೆ. ಬಾಡಿಗೆ ಮನೆಯಾದರೆ ಮೊದಲು ಮಾಲೀಕರನ್ನು ಕೇಳಿ. ಬೋರ್ಡು ಒಡೆದರೆ ಅಡ್ವಾನ್ಸಿನಲ್ಲಿ ಕಡಿತವಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಫ್ಯಾನು. ಜಿಪ್ಸಮ್ ಸೀಲಿಂಗಿಗೆ ಯಾವತ್ತೂ ಫ್ಯಾನು ತೂಗಹಾಕಬಾರದು. ಬೋರ್ಡಿನ ಮೇಲಿರುವ ಕಾಂಕ್ರೀಟ್ ತಾರಸಿಯ ಕೊಕ್ಕೆಗೇ ಫ್ಯಾನಿನ ರಾಡು ಸೇರಬೇಕು. ಬೋರ್ಡು ಬರೀ ದಾರಿ ಬಿಡಬೇಕು. ಅದರ ಕೆಳಗೆ ಮಲಗುವವರು ನಮ್ಮ ಮಕ್ಕಳೇ.

ಇಷ್ಟು ಸುತ್ತಿದ ಮೇಲೆ ಕಥೆ ನಮ್ಮ ಹಿರಿಯರ ಲೆಕ್ಕಕ್ಕೇ ಬಂದು ನಿಂತಿದೆ. ಅವರು ಗೋಡೆ ಎಬ್ಬಿಸುವಾಗಲೇ ಗೂಟ ಇಟ್ಟರು. ಬೋರ್ಡಿನ ಕೆಲಸ ಬಲ್ಲವರು ಬೋರ್ಡು ಮುಚ್ಚುವ ಮೊದಲು ಟಿವಿ ಬರುವ ಜಾಗದಲ್ಲಿ ಕಂಬಗಳ ನಡುವೆ ಪ್ಲೈವುಡ್ ಕೂರಿಸುತ್ತಾರೆ. ಊರಲ್ಲಿ ಮನೆ ಕಟ್ಟಿಸುವವರೇ, ಕೆಲಸದವರು ಬೋರ್ಡು ಹೊಡೆಯುವ ದಿನ ನೀವೂ ಅಲ್ಲಿರಿ. ಟಿವಿ ಎಲ್ಲಿ, ಕಪಾಟು ಎಲ್ಲಿ, ಫ್ಯಾನು ಎಲ್ಲಿ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಡಿ. ಮುಚ್ಚುವ ಮೊದಲು ಒಳಗಿನ ಕಂಬ, ಪ್ಲೈವುಡ್ಡು ಕಾಣುವಂತೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.