ಟಯರ್‌ಗೆ ಗಾಳಿ ತುಂಬುವ ಯಂತ್ರ: ಆಯ್ಕೆ ಹೇಗೆ, ಬಳಕೆ ಹೇಗೆ?

ಕೆಮ್ಮಣ್ಣು (ಉಡುಪಿ): ಕೆಮ್ಮಣ್ಣಿನಿಂದ ನೇಜಾರು ಮಾರ್ಗವಾಗಿ ಸಂತೆಕಟ್ಟೆಗೆ ಬಂದು ರಾಷ್ಟ್ರೀಯ ಹೆದ್ದಾರಿ 66 ಸೇರುವ ಕಾರು, ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ಗಾಳಿ ಪರೀಕ್ಷೆಗೆಂದು ನಿಲ್ಲುವ ಹೊತ್ತಿಗೆ ಅದರ ಟಯರ್‌ಗಳು ಬಿಸಿಯಾಗಿರುತ್ತವೆ. ಬಿಸಿಯಾದ ಟಯರ್‌ನೊಳಗಿನ ಒತ್ತಡವು ತಣ್ಣಗಿದ್ದಾಗಿನದಕ್ಕಿಂತ ಮೂರು, ನಾಲ್ಕು ಪಿಎಸ್‌ಐ ಹೆಚ್ಚಿರುವುದು ಸಾಮಾನ್ಯ. ಬೆಳಿಗ್ಗೆ ಮನೆಯಲ್ಲಿ 30 ಪಿಎಸ್‌ಐ ಇದ್ದ ಟಯರ್ ಬಂಕಿನಲ್ಲಿ 34 ತೋರಿಸಬಹುದು. ಇರಬೇಕಾದದ್ದು 33 ಎಂದು ಒಂದು ಪಿಎಸ್‌ಐ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಉಳಿಯುವುದು ಸುಮಾರು 29 ಮಾತ್ರ.

ಮನೆಯಂಗಳದಲ್ಲೇ ಗಾಳಿ ತುಂಬಬಲ್ಲ ಸಣ್ಣ ಯಂತ್ರದ ನಿಜವಾದ ಪ್ರಯೋಜನ ಇರುವುದು ಇಲ್ಲಿ. ಪಂಕ್ಚರ್ ಆದ ದಿನ ಅದು ನೆರವಿಗೆ ಬರುತ್ತದೆ ಎಂಬುದು ಎರಡನೆಯ ಮಾತು. ತಣ್ಣಗಿನ ಟಯರ್‌ನ ಒತ್ತಡವನ್ನು ಸರಿಯಾಗಿ ಅಳೆದು ಸರಿಪಡಿಸಲು ಅದು ಅವಕಾಶ ಕೊಡುತ್ತದೆ ಎಂಬುದೇ ಮೊದಲನೆಯದು.

ಕಡಿಮೆ ಗಾಳಿಯ ಅಪಾಯ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುತ್ತದೆ. ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಸಾಗುವ ಟಯರ್ ಒಂದು ಹಂತದಲ್ಲಿ ನೆಲದ ಹಿಡಿತ ತಪ್ಪಿ ನೀರಿನ ಮೇಲೆ ತೇಲತೊಡಗುತ್ತದೆ. ಆಗ ಸ್ಟಿಯರಿಂಗ್ ಆಗಲಿ, ಬ್ರೇಕ್ ಆಗಲಿ ಕೆಲಸಕ್ಕೆ ಬಾರದು. ಈ ವೇಗವು ಟಯರ್‌ನ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ ಎಂದು ಅಮೆರಿಕದ ನಾಸಾ ಸಂಶೋಧಕರು 1963ರಲ್ಲಿ ತೋರಿಸಿಕೊಟ್ಟರು. ವಿಮಾನದ ಟಯರ್‌ಗಳ ಅಧ್ಯಯನದಿಂದ ಬಂದ ಆ ಸೂತ್ರದಂತೆ ಲೆಕ್ಕ ಹಾಕಿದರೆ 33 ಪಿಎಸ್‌ಐ ಇರುವ ಟಯರ್ ತೇಲತೊಡಗುವ ವೇಗ ಗಂಟೆಗೆ ಸುಮಾರು 96 ಕಿಲೋಮೀಟರ್. 22 ಪಿಎಸ್‌ಐಗೆ ಇಳಿದರೆ ಸುಮಾರು 78 ಕಿಲೋಮೀಟರ್. ಟಯರ್‌ನ ಸವಕಳಿ ಮತ್ತು ನೀರಿನ ಆಳಕ್ಕೆ ತಕ್ಕಂತೆ ಈ ಅಂಕಿ ಬದಲಾಗುತ್ತದಾದರೂ ಪಾಠ ಒಂದೇ: ಗಾಳಿ ಕಡಿಮೆಯಾದಷ್ಟೂ ಅಪಾಯ ಬೇಗ ಬರುತ್ತದೆ.

ಬೇಸಿಗೆಯಲ್ಲಿ ಅಪಾಯದ ಬಗೆ ಬೇರೆ. ಗಾಳಿ ಕಡಿಮೆಯಿರುವ ಟಯರ್‌ನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಕಾಯುತ್ತದೆ, ಕೊನೆಗೆ ಸಿಡಿಯಲೂಬಹುದು.

ಸ್ಟೆಪ್ನಿ ಇಲ್ಲದ ಕಾರುಗಳು

2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಟ್ಯೂಬ್‌ಲೆಸ್ ಟಯರ್, ಒತ್ತಡ ಸೂಚಕ ವ್ಯವಸ್ಥೆ ಹಾಗೂ ಟಯರ್ ದುರಸ್ತಿ ಕಿಟ್ ಇರುವ 3.5 ಟನ್‌ವರೆಗಿನ ಪ್ರಯಾಣಿಕ ವಾಹನಗಳಿಗೆ ಹೆಚ್ಚುವರಿ ಚಕ್ರ ಕಡ್ಡಾಯವಲ್ಲ. ಅಂತಹ ವಾಹನಗಳಲ್ಲಿ ಗಾಳಿ ಯಂತ್ರವೂ ಅದರೊಂದಿಗಿನ ಅಂಟುದ್ರವವೂ ಸ್ಟೆಪ್ನಿಯ ಸ್ಥಾನ ಪಡೆದಿವೆ. ಆದ್ದರಿಂದ ಮಾಲೀಕರು ಕಿಟ್ ತೆರೆದು ನೋಡಿ, ದ್ರವದ ಬಾಟಲಿಯ ಮೇಲಿನ ಅವಧಿ ಮುಗಿಯುವ ದಿನಾಂಕವನ್ನು ಗಮನಿಸುವುದು ಅಗತ್ಯ. ಈ ದ್ರವವು ಟಯರ್‌ನ ನೆಲ ತಾಗುವ ಭಾಗದ ಸಣ್ಣ ತೂತಿಗೆ ತಾತ್ಕಾಲಿಕ ಪರಿಹಾರವೇ ಹೊರತು ಪಕ್ಕದ ಗೋಡೆ ಸೀಳಿದರೆ ಉಪಯೋಗವಿಲ್ಲ. ದ್ರವ ಹಾಕಿದ್ದರೆ ಪಂಕ್ಚರ್ ಅಂಗಡಿಯವರಿಗೆ ಮೊದಲೇ ತಿಳಿಸಬೇಕು.

ಯಾವ ಯಂತ್ರ?

ಕಾಲಿನಿಂದ ಒತ್ತುವ ಪಂಪು ಅಗ್ಗ. ವಿದ್ಯುತ್ ಬೇಡ, ಶ್ರಮ ಬೇಕು. ಕಾರಿನ 12 ವೋಲ್ಟ್ ಸಾಕೆಟ್‌ಗೆ ಜೋಡಿಸುವ ಯಂತ್ರವನ್ನು ವರ್ಷಗಟ್ಟಲೆ ಡಿಕ್ಕಿಯಲ್ಲಿಟ್ಟರೂ ಚಾರ್ಜ್ ಮಾಡುವ ಚಿಂತೆಯಿಲ್ಲ. ಬ್ಯಾಟರಿ ಇರುವ ಕೈಯಂತ್ರವು ಸಾಕೆಟ್ ಇಲ್ಲದ ಬೈಕು, ಸ್ಕೂಟರುಗಳಿಗೆ ಅನುಕೂಲ. ಆದರೆ ಬೇಕಾದ ದಿನ ಬ್ಯಾಟರಿ ಖಾಲಿಯಾಗಿದ್ದರೆ ಅದು ಬರಿಯ ಭಾರ. ಕಾರು ಮಾತ್ರ ಇರುವ ಮನೆಗೆ 12 ವೋಲ್ಟ್ ಯಂತ್ರ, ದ್ವಿಚಕ್ರ ವಾಹನವೂ ಇದ್ದರೆ ಬ್ಯಾಟರಿ ಯಂತ್ರ ಸೂಕ್ತ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸುವ ‘150 ಪಿಎಸ್‌ಐ’ ಎಂಬ ಅಂಕಿಗೆ ಮರುಳಾಗಬೇಕಿಲ್ಲ. ಹೆಚ್ಚಿನ ಕಾರುಗಳಿಗೆ ಬೇಕಾಗುವುದು 30ರಿಂದ 35 ಪಿಎಸ್‌ಐ ಅಷ್ಟೇ. ನೋಡಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಹಾಯಿಸುತ್ತದೆ ಎಂಬುದನ್ನು. ಸುಮಾರು 30 ಲೀಟರ್ ಹಿಡಿಯುವ ಟಯರ್‌ನ ಒತ್ತಡವನ್ನು 10 ಪಿಎಸ್‌ಐ ಏರಿಸಲು ಹೊರಗಿನ ಗಾಳಿ ಸುಮಾರು 20 ಲೀಟರ್ ಬೇಕು; ಪೂರ್ತಿ ಖಾಲಿಯಾದ ಟಯರ್ 33 ಪಿಎಸ್‌ಐ ತಲುಪಲು ಸುಮಾರು 68 ಲೀಟರ್ ಬೇಕು. ಒತ್ತಡ ಏರಿದಂತೆ ಯಂತ್ರದ ವೇಗ ತಗ್ಗುವುದರಿಂದ ಲೆಕ್ಕಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಕೊಳ್ಳುವಾಗ ಗಮನಿಸಬೇಕಾದ ಇತರ ಅಂಶಗಳು:

* ನಿಗದಿತ ಒತ್ತಡಕ್ಕೆ ತಾನಾಗಿ ನಿಲ್ಲುವ ಸೌಲಭ್ಯ ಇರಬೇಕು.
* ಯಂತ್ರ ಎಳೆಯುವ ಆಂಪಿಯರ್ ಕಾರಿನ ಸಾಕೆಟ್‌ನ ಮಿತಿಯೊಳಗಿರಬೇಕು. 120 ವ್ಯಾಟ್ ಯಂತ್ರ 12 ವೋಲ್ಟ್‌ನಲ್ಲಿ 10 ಆಂಪಿಯರ್ ಎಳೆಯುತ್ತದೆ. ಮಿತಿ ಮೀರಿದರೆ ಫ್ಯೂಸ್ ಹೋಗುತ್ತದೆ.
* ವಯರು ಹಿಂದಿನ ಚಕ್ರದವರೆಗೂ ಸಲೀಸಾಗಿ ತಲುಪಬೇಕು.
* ಲಿಥಿಯಂ ಬ್ಯಾಟರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಮಾನಕದ ಗುರುತು ಇದೆಯೇ ನೋಡಬೇಕು.
* ಬೇರೊಂದು ಒತ್ತಡ ಮಾಪಕವನ್ನೂ ಕೊಂಡು, ಯಂತ್ರದ ಅಂಕಿಯನ್ನು ಆಗಾಗ ತಾಳೆ ನೋಡಬೇಕು.

ಎಷ್ಟು ಗಾಳಿ, ಯಾವಾಗ?

ಸರಿಯಾದ ಒತ್ತಡವು ಚಾಲಕನ ಬದಿಯ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ, ಇಂಧನ ಮುಚ್ಚಳದ ಒಳಬದಿಯಲ್ಲಿ ಅಥವಾ ವಾಹನದ ಕೈಪಿಡಿಯಲ್ಲಿ ಇರುತ್ತದೆ. ಟಯರ್‌ನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ. ಅದು ತುಂಬಬೇಕಾದ ಅಳತೆಯಲ್ಲ. ಕುಟುಂಬ ಸಮೇತ ಸಾಮಾನು ತುಂಬಿಕೊಂಡು ಆಗುಂಬೆ ಘಾಟಿ ಹತ್ತುವುದಿದ್ದರೆ ಅದೇ ಚೀಟಿಯಲ್ಲಿ ಪೂರ್ಣ ಭಾರಕ್ಕೆಂದು ಕೊಟ್ಟಿರುವ ಅಂಕಿಯನ್ನು ಅನುಸರಿಸಬೇಕು.

ವಾಹನ ನಿಂತು ಮೂರು ಗಂಟೆಯಾದ ಬಳಿಕ, ಇಲ್ಲವೇ ಎರಡು ಕಿಲೋಮೀಟರ್‌ಗೂ ಕಡಿಮೆ ಓಡಿದಾಗ ಟಯರ್ ತಣ್ಣಗಿದೆ ಎನ್ನಬಹುದು. ತಿಂಗಳಿಗೊಮ್ಮೆ ಹಾಗೂ ದೂರ ಪ್ರಯಾಣದ ಮುನ್ನ ಪರೀಕ್ಷಿಸಬೇಕು. ಏನೂ ತೊಂದರೆಯಿಲ್ಲದ ಟಯರ್ ಕೂಡ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಒತ್ತಡ ಸೂಚಕ ದೀಪವನ್ನೇ ನಂಬಿ ಕೂರಬಾರದು. ಸಾಮಾನ್ಯವಾಗಿ ಅದು ಬೆಳಗುವುದು ಒತ್ತಡ ಐದನೇ ಒಂದು ಭಾಗದಷ್ಟು ಕುಸಿದ ಮೇಲೆ. ಬಿಸಿ ಟಯರ್‌ನಿಂದ ಗಾಳಿ ಬಿಡಲೇಬಾರದು.

ಬಳಸುವ ಕ್ರಮ

1. ವಾಹನವನ್ನು ರಸ್ತೆಯಿಂದ ಪೂರ್ಣ ಬದಿಗೆ ಸರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಚ್ಚರಿಕೆ ದೀಪ ಹೊತ್ತಿಸಿ.
2. ಟಯರ್‌ನಲ್ಲಿ ಉಬ್ಬು, ಸೀಳು, ಹೊರಬಂದ ನೂಲು ಕಂಡರೆ ಗಾಳಿ ತುಂಬಬೇಡಿ.
3. 12 ವೋಲ್ಟ್ ಯಂತ್ರಕ್ಕಾಗಿ ಎಂಜಿನ್ ಓಡಿಸುವುದಾದರೆ ಬಯಲಿನಲ್ಲೇ ಓಡಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೆ ಎರವಾಗುತ್ತದೆ.
4. ನಳಿಕೆಯನ್ನು ವಾಲ್ವ್‌ಗೆ ಬಿಗಿಯಾಗಿ ಕೂರಿಸಿ, ಪಿಎಸ್‌ಐ ಮತ್ತು ಬಾರ್ ನಡುವೆ ಗೊಂದಲ ಮಾಡಿಕೊಳ್ಳದೆ ಅಂಕಿ ನಿಗದಿಪಡಿಸಿ. ಒಂದು ಬಾರ್ ಎಂದರೆ 14.5 ಪಿಎಸ್‌ಐ.
5. ಚಕ್ರದ ಎದುರಿಗೆ ಕೂರದೆ ಪಕ್ಕಕ್ಕೆ ಸರಿದು ನಿಲ್ಲಿ. ಯಂತ್ರ ಬಿಟ್ಟು ಹೋಗಬೇಡಿ.
6. ಕೈಪಿಡಿ ಹೇಳುವ ಅವಧಿ ಮುಗಿದೊಡನೆ ಯಂತ್ರಕ್ಕೆ ವಿಶ್ರಾಂತಿ ಕೊಡಿ. ಲೋಹದ ನಳಿಕೆ ಕೈ ಸುಡುವಷ್ಟು ಕಾದಿರುತ್ತದೆ.
7. ವಾಲ್ವ್ ಮೇಲೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ, ಮುಚ್ಚಳ ಹಾಕಿ.

ಲಾರಿ, ಬಸ್ಸುಗಳ ಟಯರ್‌ಗಳಿಗೆ ಈ ಸಣ್ಣ ಯಂತ್ರಗಳು ತಕ್ಕವಲ್ಲ. ಲಾಕ್ ರಿಂಗ್ ಇರುವ ಚಕ್ರಗಳಲ್ಲಿ ರಿಂಗ್ ಚಿಮ್ಮಿದರೆ ಜೀವ ಉಳಿಯುವುದು ಕಷ್ಟ. ಕಡಿಮೆ ಗಾಳಿಯಲ್ಲಿ ಓಡಿದ ದೊಡ್ಡ ಟಯರ್‌ಗೆ ನೇರವಾಗಿ ಗಾಳಿ ತುಂಬದೆ, ಪೂರ್ತಿ ಗಾಳಿ ತೆಗೆದು, ಬಿಚ್ಚಿ ಪರೀಕ್ಷಿಸಿ, ಕಬ್ಬಿಣದ ಪಂಜರದೊಳಗಿಟ್ಟು ತುಂಬುವುದು ಸುರಕ್ಷಿತ ಪದ್ಧತಿ.

ಆಟದ ವಸ್ತುವಲ್ಲ

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ವಾಹನ ಸೇವಾ ಕೇಂದ್ರವೊಂದರಲ್ಲಿ, ವಾಹನ ಒಣಗಿಸುವ ಯಂತ್ರದಿಂದ ಸ್ನೇಹಿತನು ತಮಾಷೆಗೆಂದು ದೇಹದೊಳಗೆ ಗಾಳಿ ಹಾಯಿಸಿದ ಪರಿಣಾಮ ಯುವಕನೊಬ್ಬ ಮೃತಪಟ್ಟನು. ಯಾವುದೇ ಗಾಳಿ ಯಂತ್ರದ ನಳಿಕೆಯನ್ನು ಮೈಯತ್ತ, ಮುಖದತ್ತ, ಕಿವಿಯತ್ತ ತಿರುಗಿಸಬಾರದು. ಯಂತ್ರವನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಬ್ಯಾಟರಿ ಯಂತ್ರವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದು ಸಲ್ಲದು. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಕರಾವಳಿಯ ಉಪ್ಪು ಗಾಳಿಗೆ ಸಂಪರ್ಕ ಬಿಂದುಗಳು ಬೇಗ ತುಕ್ಕು ಹಿಡಿಯುವುದರಿಂದ ಒಣ ಚೀಲದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಚಾಲೂ ಮಾಡಿ ನೋಡುವುದು ಒಳ್ಳೆಯದು.

ಯಂತ್ರ ಇಲ್ಲದವರೂ ಚಿಂತಿಸಬೇಕಿಲ್ಲ. ಉಚಿತವಾಗಿ ಗಾಳಿ ಒದಗಿಸುವುದು ತೈಲ ಕಂಪೆನಿಗಳ ಮಾರ್ಗಸೂಚಿಯಂತೆ ಪೆಟ್ರೋಲ್ ಬಂಕುಗಳ ಕರ್ತವ್ಯ. ಮನೆಯಲ್ಲಿ ತಣ್ಣಗಿನ ಟಯರ್‌ನ ಒತ್ತಡವನ್ನು ಮಾಪಕದಿಂದ ಅಳೆದು, ಎಷ್ಟು ಕೊರತೆಯಿದೆ ಎಂದು ಬರೆದುಕೊಂಡು ಹೋಗಿ, ಬಂಕಿನಲ್ಲಿ ತೋರುವ ಅಂಕಿಗೆ ಅಷ್ಟನ್ನೇ ಸೇರಿಸಿಕೊಂಡರೆ ಸಾಕು. ಒಂದೇ ಟಯರ್ ಪದೇ ಪದೇ ಇಳಿಯುತ್ತಿದ್ದರೆ ಅದಕ್ಕೆ ಬೇಕಾದದ್ದು ಗಾಳಿಯಲ್ಲ, ದುರಸ್ತಿ.