ಬೋಟೋ3: ಪೈಥಾನ್‌ಗೆ ಎಡಬ್ಲ್ಯುಎಸ್ ಎಸ್‌ಡಿಕೆ

ಪೈಥಾನ್ ಪ್ರೋಗ್ರಾಮುಗಳಿಂದ ಅಮೆಜಾನ್ ವೆಬ್ ಸರ್ವಿಸಸ್‌ನ (ಎಡಬ್ಲ್ಯುಎಸ್) ಎಪಿಐಗಳನ್ನು ಕರೆಯಲು ಆ ಸಂಸ್ಥೆಯೇ ಹೊರತಂದಿರುವ ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಕಿಟ್ (ಎಸ್‌ಡಿಕೆ) ಬೋಟೋ3. ಫೈಲುಗಳನ್ನು ಇರಿಸುವ ಎಸ್3, ಸರ್ವರುಗಳನ್ನು ಬಾಡಿಗೆಗೆ ಕೊಡುವ ಇಸಿ2, ಡೈನಮೋಡಿಬಿ ಡೇಟಾಬೇಸ್ ಮುಂತಾದ ಸೇವೆಗಳನ್ನೆಲ್ಲ ಇದೊಂದರಿಂದಲೇ ಬಳಸಬಹುದು. ಸೋರ್ಸ್ ಕೋಡ್ ಅಪಾಚೆ 2.0 ಲೈಸೆನ್ಸಿನಡಿ ಮುಕ್ತವಾಗಿದೆ. ಎಸ್‌ಡಿಕೆಗೆ ದುಡ್ಡಿಲ್ಲ, ಅದರ ಮೂಲಕ ಬಳಸಿದ ಸೇವೆಗಳಿಗೆ ಬಿಲ್ ಬರುತ್ತದೆ.

ಎಸ್3 ಬಳಕೆಗೆ ಬಂದದ್ದು 2006ರ ಮಾರ್ಚ್ 14ರಂದು. ಅದೇ ವರ್ಷ ಮಿಚ್ ಗಾರ್ನಾಟ್ ಎಂಬ ಪ್ರೋಗ್ರಾಮರ್ ಬೋಟೋ ಎಂಬ ಪೈಥಾನ್ ಲೈಬ್ರರಿಯನ್ನು ಬರೆಯತೊಡಗಿದರು. ಹೆಸರು ಅಮೆಜಾನ್ ನದಿಯ ಡಾಲ್ಫಿನ್‌ನದು. ಹಳೆಯ ಬೋಟೋದಲ್ಲಿ ಪ್ರತಿ ಸೇವೆಗೂ ಕೈಯಿಂದಲೇ ಕೋಡ್ ಬರೆಯಬೇಕಿತ್ತು. ಸೇವೆಗಳು ಹೆಚ್ಚಿದಂತೆ ಅದು ನಡೆಯದ ಕೆಲಸವಾಯಿತು. 2015ರ ಜೂನ್‌ನಲ್ಲಿ ಬಿಡುಗಡೆಯಾದ ಬೋಟೋ3 ಬೇರೆ ದಾರಿ ಹಿಡಿಯಿತು: ಪ್ರತಿ ಸೇವೆಯ ಎಪಿಐ ವಿವರವೂ ಜೇಸನ್ ಫೈಲಿನಲ್ಲಿರುತ್ತದೆ, ಒಳಗಿನ ಬೋಟೋಕೋರ್ ಎಂಬ ಲೈಬ್ರರಿ ಅದನ್ನು ಓದಿ, ಪ್ರೋಗ್ರಾಮ್ ಓಡುವಾಗಲೇ ಮೆಥಡ್‌ಗಳನ್ನು ಹುಟ್ಟಿಸುತ್ತದೆ. ಎಡಿಟರ್‌ನಲ್ಲಿ ಮೆಥಡ್‌ಗಳ ಹೆಸರು ತಾನಾಗಿ ಮೂಡದಿರುವುದಕ್ಕೆ ಇದೇ ಕಾರಣ. ಹೊಸಬರು ಇನ್‌ಸ್ಟಾಲ್ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ.

ವೆಬ್ ಎಪಿಐ ಎಂದರೆ ಕೊನೆಗೂ ಎಚ್‌ಟಿಟಿಪಿ ವಿನಂತಿ. ಹಾಗಿದ್ದರೆ ಎಸ್‌ಡಿಕೆ ಏಕೆ ಬೇಕು? ಮುಖ್ಯವಾಗಿ ಸಹಿಗಾಗಿ. ಎಡಬ್ಲ್ಯುಎಸ್‌ಗೆ ಹೋಗುವ ವಿನಂತಿಗಳಿಗೆ 'ಸಿಗ್ನೇಚರ್ ವರ್ಷನ್ 4' ಪದ್ಧತಿಯಂತೆ ಸಹಿ ಬೇಕು. ರಹಸ್ಯ ಕೀಲಿಯನ್ನು ಆಧಾರವಾಗಿಟ್ಟು ದಿನಾಂಕ, ರೀಜನ್ (ಎಡಬ್ಲ್ಯುಎಸ್‌ನ ಡೇಟಾ ಸೆಂಟರುಗಳಿರುವ ಪ್ರದೇಶ), ಸೇವೆಯ ಹೆಸರು ಮುಂತಾದವನ್ನು ಒಂದಾದಮೇಲೊಂದರಂತೆ ಎಚ್‌ಮ್ಯಾಕ್-ಎಸ್‌ಎಚ್‌ಎ256 ಲೆಕ್ಕಕ್ಕೆ ಹಾಯಿಸಿ ಸಹಿಯ ಕೀಲಿಯನ್ನು ತಯಾರಿಸಲಾಗುತ್ತದೆ. ವಿನಂತಿಯ ಸಾರಕ್ಕೆ ಆ ಕೀಲಿಯಿಂದ ಸಹಿ ಬೀಳುತ್ತದೆ. ರಹಸ್ಯ ಕೀಲಿ ಮಾತ್ರ ಎಂದೂ ತಂತಿಯ ಮೇಲೆ ಹೋಗುವುದಿಲ್ಲ. ಒಂದು ಅಕ್ಷರ ಅತ್ತಿತ್ತಾದರೂ ಸಹಿ ತಾಳೆಯಾಗದು. ಇದನ್ನು ಕೈಯಾರೆ ಬರೆಯಲು ಕುಳಿತವರಿಗೆ ಎಸ್‌ಡಿಕೆಯ ಬೆಲೆ ಬೇಗ ಗೊತ್ತಾಗುತ್ತದೆ. ಸಹಿಯಲ್ಲಿ ಸಮಯವೂ ಸೇರಿರುವುದರಿಂದ ಕಂಪ್ಯೂಟರಿನ ಗಡಿಯಾರ ಸರಿಯಿರಬೇಕು: 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಸ್3 ವಿನಂತಿಯನ್ನು ತಿರಸ್ಕರಿಸುತ್ತದೆ.

ಇನ್‌ಸ್ಟಾಲ್ ಮಾಡುವುದು ಸುಲಭ. ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ತೆರೆದು ಪಿಪ್ ಮೂಲಕ ಬೋಟೋ3 ಹಾಕಿಕೊಂಡರೆ ಆಯಿತು. ಬೋಟೋಕೋರ್ ಜೊತೆಗೇ ಬರುತ್ತದೆ.

ನಿಜವಾದ ಆರಂಭ ಕೀಲಿಗಳಿಂದ. ಆಕ್ಸೆಸ್ ಕೀ ಐಡಿ ಮತ್ತು ಸೀಕ್ರೆಟ್ ಆಕ್ಸೆಸ್ ಕೀ ಎಂಬ ಜೋಡಿ ಇಲ್ಲದೆ ಸಾಮಾನ್ಯವಾಗಿ ಯಾವ ಕರೆಯೂ ಮುಂದೆ ಸಾಗದು. ಖಾತೆಯ ರೂಟ್ ಬಳಕೆದಾರನ ಹೆಸರಿನಲ್ಲಿ ಈ ಕೀಲಿಗಳನ್ನು ಮಾಡಿಸಲೇಬಾರದು. ಬೇಕಾದಷ್ಟೇ ಅನುಮತಿಯಿರುವ ಬೇರೆ ಗುರುತನ್ನು ಐಎಎಮ್ ಸೇವೆಯಲ್ಲಿ ಸೃಷ್ಟಿಸಿಕೊಳ್ಳಬೇಕು, ಸಾಧ್ಯವಾದಲ್ಲೆಲ್ಲ ಕೆಲವು ಗಂಟೆಗಳಲ್ಲಿ ಅವಧಿ ಮುಗಿಯುವ ತಾತ್ಕಾಲಿಕ ಕೀಲಿಗಳನ್ನೇ ಬಳಸಬೇಕು. ಬೋಟೋ3 ಕೀಲಿಗಳನ್ನು ಒಂದು ಕ್ರಮದಲ್ಲಿ ಹುಡುಕುತ್ತದೆ: ಮೊದಲು ಕೋಡಿನಲ್ಲೇ ಕೊಟ್ಟದ್ದು, ಬಳಿಕ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಆಮೇಲೆ ಹೋಮ್ ಫೋಲ್ಡರಿನ ಕ್ರೆಡೆನ್ಷಿಯಲ್ಸ್ ಫೈಲ್, ಕೊನೆಗೆ ಇಸಿ2 ಸರ್ವರಿಗೆ ಅಂಟಿಸಿರುವ ಐಎಎಮ್ ರೋಲ್. ಮೊದಲನೆಯದನ್ನು ಮರೆತುಬಿಡುವುದೇ ಒಳ್ಳೆಯದು. ಕೋಡಿನಲ್ಲಿ ಬರೆದ ಕೀಲಿ ಕೋಡಿನ ಜೊತೆಗೇ ಗಿಟ್‌ಹಬ್‌ಗೆ ಹೋಗುತ್ತದೆ. ಅಂಥ ಕೀಲಿಗಳಿಗಾಗಿಯೇ ಹೊಂಚುವ ಪ್ರೋಗ್ರಾಮುಗಳು ಹಗಲಿರುಳೂ ಜಾಲಾಡುತ್ತಿರುತ್ತವೆ. ಫೈಲಿನಿಂದ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಹೊರಬಿದ್ದ ಕೀಲಿಯನ್ನು ಕೂಡಲೇ ರದ್ದು ಮಾಡುವುದೊಂದೇ ಉಪಾಯ.

ಮೊದಲ ಕರೆಯಾಗಿ ಫೈಲ್ ಅಪ್‌ಲೋಡ್ ಮಾಡಲು ಹೊರಡುವುದಕ್ಕಿಂತ, ತಾತ್ಕಾಲಿಕ ಕೀಲಿಗಳನ್ನು ಕೊಡುವ ಎಸ್‌ಟಿಎಸ್ ಸೇವೆಯ 'ಗೆಟ್ ಕಾಲರ್ ಐಡೆಂಟಿಟಿ'ಯನ್ನು ಕರೆಯುವುದು ಲೇಸು. ಅದಕ್ಕೆ ಯಾವ ಅನುಮತಿಯೂ ಬೇಕಿಲ್ಲ. ಉತ್ತರವಾಗಿ 12 ಅಂಕಿಯ ಖಾತೆ ಸಂಖ್ಯೆ, ಕರೆದವರ ಗುರುತು ಬರುತ್ತವೆ. ಬಂದರೆ ಕೀಲಿ, ಗಡಿಯಾರ, ನೆಟ್‌ವರ್ಕ್ ಮೂರೂ ಸರಿಯಿವೆ ಎಂದಾಯಿತು. ಮುಂದೆ ಏನಾದರೂ ಎಡವಟ್ಟಾದರೆ ಅನುಮತಿಯ ಕಡೆಯಿಂದ ಹುಡುಕಾಟ ಆರಂಭಿಸಬಹುದು.

ರೀಜನ್‌ನ ಆಯ್ಕೆಯೂ ಮುಖ್ಯ. ಭಾರತದಲ್ಲಿ ಮುಂಬೈ ರೀಜನ್ 2016ರಲ್ಲಿ, ಹೈದರಾಬಾದ್ 2022ರಲ್ಲಿ ತೆರೆದವು. ಟ್ಯುಟೋರಿಯಲ್‌ಗಳ ಉದಾಹರಣೆಗಳಲ್ಲಿ ಹೆಚ್ಚಾಗಿ ಅಮೆರಿಕದ ವರ್ಜೀನಿಯಾ ರೀಜನ್ ಇರುತ್ತದೆ. ಅದನ್ನೇ ನಕಲು ಮಾಡಿದವರು ಸರ್ವರನ್ನು ವರ್ಜೀನಿಯಾದಲ್ಲಿ ಸೃಷ್ಟಿಸಿ ಮುಂಬೈ ಪಟ್ಟಿಯಲ್ಲಿ ಹುಡುಕುತ್ತಾರೆ. ಪಟ್ಟಿ ಖಾಲಿ ಬರುತ್ತದೆ, ಬಿಲ್ ಮಾತ್ರ ಓಡುತ್ತಿರುತ್ತದೆ.

ಎಸ್3ಗೆ ಫೈಲ್ ಕಳಿಸುವ 'ಅಪ್‌ಲೋಡ್ ಫೈಲ್' ಮೆಥಡ್‌ಗೆ ಫೈಲಿನ ದಾರಿ, ಬಕೆಟ್‌ನ (ಎಸ್3ಯಲ್ಲಿ ಫೈಲುಗಳನ್ನಿಡುವ ಸಂಗ್ರಹದ) ಹೆಸರು, ಎಸ್3ಯಲ್ಲಿ ಅದು ಪಡೆಯುವ ಹೆಸರು (ಆಬ್ಜೆಕ್ಟ್ ಕೀ) ಎಂಬ ಮೂರು ಮಾಹಿತಿ ಸಾಕು. ಫೈಲ್ 8 ಎಂಬಿ ಮುಟ್ಟಿದರೆ ಎಸ್‌ಡಿಕೆ ತಾನೇ ಅದನ್ನು ತುಂಡುಮಾಡಿ ಏಕಕಾಲಕ್ಕೆ ಕಳಿಸುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಆಬ್ಜೆಕ್ಟ್ ಕೀ ಯುಟಿಎಫ್-8ರಲ್ಲಿರುವುದರಿಂದ 'ವಚನಗಳು' ಎಂದೇ ಹೆಸರಿಡಬಹುದು. ಆದರೆ ಅದರ ಮಿತಿ 1024 ಬೈಟ್, ಅಕ್ಷರಗಳ ಲೆಕ್ಕವಲ್ಲ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಕ, ಹಲಂತ ಚಿಹ್ನೆ (್), ಷ ಸೇರಿ ಆಗುವ 'ಕ್ಷ' 9 ಬೈಟ್ ನುಂಗುತ್ತದೆ. ಇನ್ನೊಂದು, ಫೈಲಿನ ಜೊತೆ ಕಳಿಸುವ ಮೆಟಾಡೇಟಾದಲ್ಲಿ ಕನ್ನಡ ಬರೆದರೆ ಬೋಟೋ3 ಒಪ್ಪುವುದಿಲ್ಲ, ಆಸ್ಕಿ ಅಕ್ಷರಗಳಷ್ಟೇ ಇರಬೇಕೆಂದು ದೋಷ ತೋರಿಸುತ್ತದೆ. ಲೇಖಕರ ಹೆಸರು, ಊರು ಮುಂತಾದವನ್ನು ಯುಆರ್‌ಎಲ್ ಎನ್‌ಕೋಡಿಂಗ್ ಮಾಡಿ ಕಳಿಸಬೇಕು ಇಲ್ಲವೇ ಡೇಟಾಬೇಸಿನಲ್ಲಿ ಇಡಬೇಕು.

ಬಕೆಟ್‌ನಲ್ಲಿರುವುದನ್ನು ಪಟ್ಟಿ ಮಾಡುವ ಕರೆ ಒಂದು ಸಲಕ್ಕೆ ಹೆಚ್ಚೆಂದರೆ 1000 ಹೆಸರುಗಳನ್ನು ಕೊಡುತ್ತದೆ. ಹತ್ತಾರು ಫೈಲುಗಳಿಟ್ಟು ಪರೀಕ್ಷಿಸುವಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ. ಸಂಗ್ರಹ ಬೆಳೆದ ಮೇಲೆ 1001ನೆಯ ಫೈಲ್ ಸದ್ದಿಲ್ಲದೆ ತಪ್ಪಿಹೋಗುತ್ತದೆ, ಯಾವ ದೋಷವೂ ಕಾಣಿಸದು. ಪುಟಪುಟವಾಗಿ ಕೊನೆಯವರೆಗೂ ತರುವ ಪೇಜಿನೇಟರ್ ಎಂಬ ಸೌಕರ್ಯ ಬೋಟೋ3ಯಲ್ಲಿದೆ. ಅದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು.

ನೆಟ್‌ವರ್ಕ್ ಕೈಕೊಟ್ಟಾಗ, ಸರ್ವರ್ ಕಡೆ ದಟ್ಟಣೆಯಾದಾಗ ಎಸ್‌ಡಿಕೆ ತಾನೇ ಮರುಪ್ರಯತ್ನ ಮಾಡುತ್ತದೆ, ಪ್ರತಿ ಸಲವೂ ಕಾಯುವ ಹೊತ್ತನ್ನು ಹಿಗ್ಗಿಸುತ್ತ ಹೋಗುತ್ತದೆ. 'ಸ್ಟ್ಯಾಂಡರ್ಡ್' ಎಂಬ ವಿಧಾನದಲ್ಲಿ ಬೇರೆ ಏನೂ ಹೇಳದಿದ್ದರೆ ಮೊದಲನೆಯದೂ ಸೇರಿ ಒಟ್ಟು 3 ಯತ್ನಗಳು. ಅನುಮತಿ ಇಲ್ಲದ್ದು, ಹೆಸರು ತಪ್ಪಿದ್ದು ಮುಂತಾದ ದೋಷಗಳು 'ಕ್ಲೈಂಟ್ ಎರರ್' ಆಗಿ ಪ್ರೋಗ್ರಾಮಿಗೆ ಮರಳುತ್ತವೆ. ಅದರೊಳಗೆ ದೋಷದ ಕೋಡ್ ಇರುತ್ತದೆ. ಮುಂದೇನು ಮಾಡಬೇಕೆಂಬುದನ್ನು ಸಂದೇಶದ ವಾಕ್ಯ ನೋಡಿ ಅಲ್ಲ, ಈ ಕೋಡ್ ನೋಡಿ ತೀರ್ಮಾನಿಸಬೇಕು.

ಸೇವೆಗಳನ್ನು ಕರೆಯಲು ಕ್ಲೈಂಟ್, ರಿಸೋರ್ಸ್ ಎಂಬ ಎರಡು ಬಗೆಗಳಿವೆ. ರಿಸೋರ್ಸ್ ಓದಲು ಚೆಂದ, ಆದರೆ ಅದಕ್ಕೆ ಹೊಸ ಸೌಲಭ್ಯಗಳನ್ನು ಸೇರಿಸುವುದಿಲ್ಲವೆಂದು ಎಡಬ್ಲ್ಯುಎಸ್ ಹೇಳಿದೆ. ಈಗ ಕಲಿಯುವವರಿಗೆ ಕ್ಲೈಂಟ್ ಸಾಕು. ಕರೆ ಎಲ್ಲಿ ತಪ್ಪುತ್ತಿದೆಯೆಂದು ತಿಳಿಯದಾಗ 'ಸೆಟ್ ಸ್ಟ್ರೀಮ್ ಲಾಗರ್' ಚಾಲೂ ಮಾಡಿದರೆ ಹೋಗುವ ವಿನಂತಿ, ಬರುವ ಉತ್ತರ ಎಲ್ಲವೂ ತೆರೆಯ ಮೇಲೆ ಮೂಡುತ್ತವೆ. ಅದರಲ್ಲಿ ಗುಟ್ಟಿನ ಮಾಹಿತಿಯೂ ಇರಬಹುದಾದ್ದರಿಂದ ಜನ ಬಳಸುವ ಸರ್ವರಿನಲ್ಲಿ ಅದನ್ನು ಚಾಲೂ ಬಿಡಬಾರದು.