ಇಂಟೆಲ್ ಮನೆಯಲ್ಲಿ ಎಎಂಡಿ ಹೆಸರು

ಇಂಟೆಲ್ ಪ್ರೊಸೆಸರ್ ಇರೋ ಲ್ಯಾಪ್‌ಟಾಪಿಗೆ ಉಬುಂಟು ಹಾಕೋಕೆ ಹೊರಟರೂ, ಇಳಿಸಿಕೊಳ್ಳೋ ಫೈಲಿನ ಹೆಸರಲ್ಲಿ 'ಎಎಂಡಿ64' ಅಂತಿರುತ್ತೆ. ಬಿಇ ಓದುವಾಗ ನನಗಿದು ವಿಚಿತ್ರ ಅನಿಸ್ತಿತ್ತು. ಎದುರಾಳಿಯ ಹೆಸರಿಗೆ ಅಲ್ಲೇನು ಕೆಲಸ? ಅದರ ಹಿಂದೆ ಒಂದು ದೊಡ್ಡ ಸೋಲಿನ ಕಥೆಯಿದೆ.

32 ಬಿಟ್ ವಿಳಾಸದಲ್ಲಿ ಒಂದು ಪ್ರೋಗ್ರಾಂ ಮುಟ್ಟಬಹುದಾದ ಮೆಮೊರಿ 4 ಜಿಬಿಗೇ ಮುಗೀತು. ದೊಡ್ಡ ಸರ್ವರುಗಳಿಗೆ 64 ಬಿಟ್ ಬೇಕೇ ಬೇಕಿತ್ತು. 1978ರ 8086ರಿಂದ ಬೆಳೆದು ಬಂದ ಎಕ್ಸ್86 ವಂಶವನ್ನ ಪಕ್ಕಕ್ಕಿಟ್ಟು ಹೊಸದಾಗೇ ಶುರು ಮಾಡೋಣ ಅಂತ ಇಂಟೆಲ್ 1994ರಲ್ಲಿ ಎಚ್‌ಪಿ ಜೊತೆ ಕೈಜೋಡಿಸಿತು. ಹುಟ್ಟಿದ್ದು ಇಟೇನಿಯಂ. ಯಾವ ಇನ್‌ಸ್ಟ್ರಕ್ಷನ್‌ಗಳು ಒಟ್ಟಿಗೆ ಓಡಬಹುದು ಅನ್ನೋದನ್ನ ಕಂಪೈಲರ್ ಮೊದಲೇ ಲೆಕ್ಕ ಹಾಕಿ, ಮೂರು ಮೂರರ ಕಟ್ಟು ಕಟ್ಟಿ ಕೊಡಬೇಕು. ಚಿಪ್ ಅದನ್ನ ಹಾಗೇ ಓಡಿಸಬೇಕು.

ಕಾಗದದ ಮೇಲೆ ಚೆನ್ನಾಗಿತ್ತು. ಆದ್ರೆ ಬೇಕಾದ ಡೇಟಾ ಹತ್ತಿರದ ಕ್ಯಾಶ್‌ನಲ್ಲಿದೆಯೋ, ದೂರದ ಮೆಮೊರಿಯಿಂದ ಬರಬೇಕೋ ಅನ್ನೋದು ಗೊತ್ತಾಗೋದು ಓಡುವಾಗಲೇ. ನಮ್ಮೂರ ಲೆಕ್ಕದಲ್ಲಿ, ಯುಗಾದಿ ದಿನವೇ ಬಿತ್ತನೆಯ ದಿನ ಗೊತ್ತು ಮಾಡಿ ಆಳು ಕರೆದ ಹಾಗೆ. ಮಳೆ ತಡವಾದ್ರೆ ಎಲ್ಲರೂ ಬದುವಿನ ಮೇಲೆ ಕೂರಬೇಕು. ಡೇಟಾ ಬರೋತನಕ ಬೇರೆ ಕೆಲಸ ಎತ್ತಿಕೊಳ್ಳೋದನ್ನ ಇಂಟೆಲ್‌ನದೇ ಪೆಂಟಿಯಂ ಪ್ರೊ 1995ರಲ್ಲೇ ಕಲಿತಿತ್ತು!

2001ರಲ್ಲಿ ಮೊದಲ ಇಟೇನಿಯಂ ಬಂತು. ಹಳೇ ಎಕ್ಸ್86 ಪ್ರೋಗ್ರಾಂಗಳು ಅದರಲ್ಲಿ ಓಡ್ತಿದ್ವು, ಆದ್ರೆ ತೆವಳಿಕೊಂಡು. ಎಎಂಡಿ 2003ರಲ್ಲಿ ಆಪ್ಟೆರಾನ್ ತಂತು. ಹಳೇ ಎಕ್ಸ್86ಗೇ 64 ಬಿಟ್ ಸೇರಿಸಿ, ಸಾಮಾನ್ಯ ರಿಜಿಸ್ಟರುಗಳನ್ನ 8ರಿಂದ 16ಕ್ಕೆ ಏರಿಸಿತ್ತು. ಹಳೇ ಪ್ರೋಗ್ರಾಂ ಪೂರ್ತಿ ವೇಗದಲ್ಲೇ ಓಡಲಿ, ಹೊಸದು ನಿಧಾನಕ್ಕೆ ಬರಲಿ ಅನ್ನೋ ಲೆಕ್ಕ. 2004ರಲ್ಲಿ ಇಂಟೆಲ್ ಕೂಡ ತನ್ನ ಜಿಯಾನ್ ಚಿಪ್‌ಗಳಲ್ಲಿ ಅದೇ ದಾರಿ ಹಿಡೀತು.

ನನಗೆ ಪಾಪ ಅನಿಸೋದು ಆಲ್ಫಾ ಬಗ್ಗೆ. ಡಿಇಸಿ ಕಂಪನಿ 1992ರಲ್ಲಿ ತಂದ ಆ 64 ಬಿಟ್ ಚಿಪ್ ವೇಗಕ್ಕೆ ಹೆಸರಾಗಿತ್ತು. ಡಿಇಸಿಯನ್ನ ಕೊಂಡಿದ್ದ ಕಾಂಪ್ಯಾಕ್, ಇಟೇನಿಯಂ ನಂಬಿಕೊಂಡು 2001ರಲ್ಲಿ ಆಲ್ಫಾ ಕೈಬಿಡೋ ನಿರ್ಧಾರ ಮಾಡಿತು. ಅದು ಪಂದ್ಯದಲ್ಲಿ ಸೋತಿದ್ದಲ್ಲ, ಇನ್ನೊಂದರ ಭರವಸೆಗೆ ಜಾಗ ಬಿಟ್ಟುಕೊಟ್ಟಿದ್ದು. ಆ ಭರವಸೆಯೂ ಉಳೀಲಿಲ್ಲ. ಇಟೇನಿಯಂ ರವಾನೆ 2021ಕ್ಕೆ ನಿಂತುಹೋಯ್ತು.

ಎಕ್ಸ್86 ಚಂದದ ವಿನ್ಯಾಸ ಅಂತ ಯಾರೂ ಹೇಳಲ್ಲ, ನಾನೂ ಹೇಳಲ್ಲ. ಆದ್ರೆ ಬದಲಾವಣೆಯ ಖರ್ಚನ್ನ ಇಟೇನಿಯಂ ಪ್ರೋಗ್ರಾಂ ಬರೆಯೋರ ತಲೆ ಮೇಲೆ ಹಾಕಿತು, ಎಎಂಡಿ ಅದನ್ನ ಚಿಪ್ ಒಳಗೇ ಹೊತ್ತುಕೊಂಡಿತು. ಜನ ಯಾರ ಕಡೆ ಹೋಗ್ತಾರೆ ಅನ್ನೋದು ಅಲ್ಲೇ ತೀರ್ಮಾನವಾಗಿತ್ತು.